ಬಿದ್ದ ಗೂಡನ್ನು ಎತ್ತಿದಾಕೆ

ಬೆಳಕು ಹರಿಯುವ ಹೊತ್ತಿಗಾಗಲೇ ಅವರು ತಂತಿ ಬೇಲಿಯ ಬುಡದಲ್ಲಿ ಮಂಡಿಯೂರಿ ಕೂತಿದ್ದಾರೆ. ಇಬ್ಬನಿಗೆ ನೆನೆದ ಬಲೆಯ ನಡುವೆ ಎರಡು ಮುಷ್ಟಿ ಗಾತ್ರದ ಗೂಡು. ಒಳಗೆ ನೂರಾರು ಜೇಡಗಳು. ಹುಲ್ಲುಕಡ್ಡಿಯಿಂದ ಬಲೆಯನ್ನು ಮೆಲ್ಲಗೆ ಅಲುಗಿಸುತ್ತಾರೆ. ಬೇಟೆ ಸಿಕ್ಕಿತೆಂದು ಹೊರಗೆ ಓಡಿಬಂದವುಗಳನ್ನು ಎಣಿಸಿ, "ನಲವತ್ತೊಂದು" ಎನ್ನುತ್ತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಸಂಶೋಧನಾ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಅವರು ಜೇಡದಕ್ಕ. ಕಸ ಗುಡಿಸಲು ಸೇರಿದವರು. ಕಣ್ಣು ಚುರುಕೆಂದು ಗೂಡು ಎಣಿಸಲು ಹಚ್ಚಿದರು. ಹತ್ತೊಂಬತ್ತು ವರ್ಷವಾಯಿತು. ದಿನಕ್ಕೆ ಅರವತ್ತು ಗೂಡು, ಆರು ಕಿಲೋಮೀಟರ್ ನಡಿಗೆ. ಮಂಡಿ ಸವೆದಿದೆ. "ಗುಡಿಸೋಕೆ ಅಂತ ಸೇರಿದೋಳು, ಈಗ ಮನೇಲಿ ತಂಗಿ ಬಲೆ ಗುಡಿಸಿದ್ರೆ ಜಗಳಕ್ಕೆ ಹೋಗ್ತೀನಿ," ಎಂದು ನಗುತ್ತಾರೆ.

ಈ ಜೇಡಗಳು ಒಂಟಿಯಲ್ಲ. ಕೂಡಿ ಬೇಟೆಯಾಡಿ, ಕೂಡಿ ಮರಿ ಸಾಕುತ್ತವೆ. ಹುಟ್ಟಿದ ಗೂಡು ಬಿಟ್ಟುಹೋಗುವುದು ಅಪರೂಪ; ಒಡಹುಟ್ಟಿದವೇ ಜೋಡಿಯಾಗುತ್ತವೆ. ತಲೆಮಾರು ಕಳೆದಂತೆ ಗೂಡಿಗೆ ಗೂಡೇ ಒಂದು ರಕ್ತವಾಗುತ್ತದೆ. "ಎಲ್ಲಾ ಒಂದೇ ಅಚ್ಚು. ಒಂದಕ್ಕೆ ಕಾಯಿಲೆ ಬಂತು ಅಂದ್ರೆ ಇಡೀ ಮನೆ ಮಲಗಿಬಿಡುತ್ತೆ," ಎನ್ನುತ್ತಾರೆ ಜೇಡದಕ್ಕ. ಯಾವ ಗೂಡು ಇಡಿಯಾಗಿ ಉಳಿಯುತ್ತದೆ, ಯಾವುದು ಇಡಿಯಾಗಿ ಅಳಿಯುತ್ತದೆ, ಉಳಿದದ್ದರಿಂದ ಎಷ್ಟು ಹೊಸ ಗೂಡು ಕವಲೊಡೆಯುತ್ತವೆ? ಕೇಂದ್ರದ ವಿಜ್ಞಾನಿ ಮೇಡಂ ಹುಡುಕುತ್ತಿರುವುದು ಇದನ್ನೇ. ಹಾಗಾಗಿ ಅವರ ಕಟ್ಟಪ್ಪಣೆ ಒಂದೇ: ಒಂದು ಗೂಡಿನದ್ದು ಇನ್ನೊಂದಕ್ಕೆ ಸೇರಬಾರದು.

ಏಳು ವರ್ಷದ ಹಿಂದೆ ಬಿರುಗಾಳಿಗೆ ಗೂಡೊಂದು ಹರಿದು ನೆಲಕ್ಕೆ ಬಿತ್ತು. ಇರುವೆ ಮುತ್ತಿದ್ದವು. ದೊಡ್ಡ ಜೇಡಗಳು ಮರಿಗಳ ಮೇಲೆ ಕವುಚಿ ಕೂತಿದ್ದವು. ಜೇಡದಕ್ಕನಿಗೆ ನೋಡಲಾಗಲಿಲ್ಲ. ಬದುಕಿದ್ದ ಇಪ್ಪತ್ತಮೂರನ್ನು ಎಲೆಯ ಮೇಲೆತ್ತಿ ಪಕ್ಕದ ಕಂಬದ ಗೂಡಿಗೆ ಬಿಟ್ಟರು. ಅಲ್ಲಿನವು ತಕರಾರಿಲ್ಲದೆ ಒಳಗೆ ಸೇರಿಸಿಕೊಂಡವು. ಪುಸ್ತಕದಲ್ಲಿ ಮಾತ್ರ 'ಗೂಡು ನಾಶ' ಎಂದಷ್ಟೇ ಬರೆದರು.

ಎರಡು ವರ್ಷದಲ್ಲಿ ಆ ಕಂಬದ ಗೂಡು ನಾಲ್ಕಾಗಿ ಕವಲೊಡೆಯಿತು. ಮೇಡಂ ಹಿಗ್ಗಿಹೋದರು. ಒಂದೇ ರಕ್ತದ ಗೂಡು ಇಷ್ಟು ಗಟ್ಟಿಯಾಗಿ ನಿಂತಿದೆಯಲ್ಲ ಎಂದು ಲೇಖನ ಬರೆಯಲು ಕೂತರು. ಜೇಡದಕ್ಕ ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೂರನೆಯ ದಿನ ಹೋಗಿ ಮೇಜಿನ ಮುಂದೆ ನಿಂತರು.

"ಮೇಡಂ, ಅದು ಒಂದೇ ರಕ್ತ ಅಲ್ಲ. ನಾನೇ ಬೆರೆಸಿದ್ದು."

ಮೇಡಂ ಪುಸ್ತಕದಲ್ಲಿ ಆ ದಿನದ ಹಾಳೆ ತೆಗೆದು ನೋಡಿದರು. "ಅವತ್ತೇ ಹೇಳಬೇಕಿತ್ತಕ್ಕ," ಎಂದಷ್ಟೇ ಅಂದರು. ಆ ಬೇಲಿಯ ಎರಡು ವರ್ಷದ ಎಣಿಕೆಗೆ ಕೆಂಪು ಗೆರೆ ಬಿತ್ತು. ಲೇಖನ ಅಲ್ಲಿಗೇ ನಿಂತಿತು.

"ಬೈದಿದ್ರೆ ಹಗುರ ಆಗ್ತಿತ್ತು. ಮಾರನೇ ದಿನ ಅವರೇ ನನ್ನ ಕೈಗೆ ಹೊಸ ಪುಸ್ತಕ ಕೊಟ್ರು. ಅದು ಇವತ್ತಿಗೂ ಚುಚ್ಚುತ್ತೆ," ಎನ್ನುತ್ತಾರೆ ಜೇಡದಕ್ಕ. ಆಮೇಲೆ ಎಷ್ಟೋ ಗೂಡು ಬಿದ್ದಿವೆ. ಬರೆದುಕೊಂಡು ಮುಂದೆ ಹೋಗಿದ್ದಾರೆ, ತಿರುಗಿ ನೋಡದೆ.

ಬರುವ ವರ್ಷ ಅಧ್ಯಯನ ಮುಗಿಯುತ್ತದಂತೆ. ಅದಾದ ಮೇಲೆ ಏನು ಮಾಡುತ್ತೀರಿ ಎಂದರೆ, ಬೇಲಿಯುದ್ದಕ್ಕೂ ಕಣ್ಣು ಹಾಯಿಸುತ್ತಾರೆ.

"ಒಂದ್ಸಲ ಪುಸ್ತಕ ಇಲ್ದೆ ಬರಬೇಕು. ಯಾವುದಾದ್ರೂ ಬಿದ್ದಿದ್ರೆ ಎತ್ತಿ ಇಡ್ತೀನಿ. ಆಗ ಯಾರ ಲೆಕ್ಕಾನೂ ಕೆಡಲ್ಲ."