ಆಯುಧಪೂಜೆಗೆ ಮಾತ್ರ ಆರುವ ಕಂಪ್ಯೂಟರ್

ಲಿನಕ್ಸ್‌ಗಳಲ್ಲಿ ಉಬುಂಟು ಮೇಲೋ ಫೆಡೋರಾ ಮೇಲೋ ಎಂದು ದಿನಾ ಈ ಗುಂಪಿನಲ್ಲಿ ಕಿತ್ತಾಡುವ ಗೆಳೆಯರೇ, ಇದನ್ನು ಓದಿ.

ವಡ್ಡು ಊರಿನ ಹತ್ತಿರ ಅದಿರು ಲಾರಿ ತೂಗುವ ವೇಬ್ರಿಡ್ಜಿನ ಹಳೆಯ ಕಂಪ್ಯೂಟರಿಗೆ ಹೊಸ ಲಿನಕ್ಸ್ ಹಾಕಲು ನಾನೂ ಗೆಳೆಯ ಬಸವರಾಜನೂ ಇವತ್ತು ಹೊಸಪೇಟೆಯಿಂದ ಹೋಗಿದ್ದೆವು. ನನ್ನ ಕೈಯಲ್ಲಿ ಉಬುಂಟು ಸಿ.ಡಿ., ಅವನ ಕೈಯಲ್ಲಿ ಫೆಡೋರಾ. ದಾರಿಯುದ್ದಕ್ಕೂ ಜಗಳ. "ಹುಡುಗ್ರ ಆಟಕ್ಕ ಸರಿ ಐತಿ ಲೇ ನಿಂದು" ಅಂದ.

ಕಂಪ್ಯೂಟರಿನ ಮೇಲೆ ಕೆಂಪು ಧೂಳು, ಅದರಡಿಯಲ್ಲಿ ಒಣಗಿದ ಕುಂಕುಮ.

"ಇದರಾಗ ಯಾವ ಲಿನಕ್ಸ್ ಐತ್ರಿ?" ಎಂದು ತೂಕದ ಚೀಟಿ ಕೊಡುವ ಹುಲಿಗೆಮ್ಮನವರನ್ನು ಕೇಳಿದೆ.

"ಗೊತ್ತಿಲ್ರಿ. ಆಯುಧಪೂಜಿಗೆ ಒಮ್ಮೆ ಆರಿಸಿ ಕುಂಕುಮ ಹಚ್ತೀವಿ. ಮತ್ತ ಆರ್ಸೋದು ಮುಂದಿನ ಪೂಜಿಗೇ."

"ಕರೆಂಟ್ ಹೋದ್ರ?"

"ಲಾರಿ ಬ್ಯಾಟರಿ ಕಟ್ಟೀವಲ್ರಿ."

ನಂಬದೆ ನಾನೇ ಕಮಾಂಡ್ ಕೊಟ್ಟು ನೋಡಿದೆ. ಡೆಬಿಯನ್ ಎಂಬ ಹಳೆಯ ಲಿನಕ್ಸ್. ಒಮ್ಮೆಯೂ ನಿಲ್ಲದೆ ಮುನ್ನೂರ ಹನ್ನೊಂದು ದಿನ ನಡೆದಿತ್ತು. ಲೆಕ್ಕ ಹಾಕಿದರೆ ಅದು ಕೊನೆಯ ಸಲ ಚಾಲೂ ಆದದ್ದು ಸರಿಯಾಗಿ ಹೋದ ವರ್ಷದ ಆಯುಧಪೂಜೆಯ ಮರುದಿನ! ನಾವಿಬ್ಬರೂ ವಾರಕ್ಕೊಂದು ಲಿನಕ್ಸ್ ಹಾಕಿ ತೆಗೆಯುವವರು.

"ನೀವು ತಂದಿದ್ದು ಇದಕ್ಕಿಂತ ಭಾಳ ಚಲೋ ಏನ್ರಿ?" ಎಂದರು ಹುಲಿಗೆಮ್ಮ.

ನಾನು ಸಿ.ಡಿ.ಯನ್ನು ಬೆನ್ನ ಹಿಂದೆ ಅಡಗಿಸಿದೆ. ಬಸವರಾಜ ಹೊರಗೆ ಹೋಗಿ, ಚಪ್ಪಲಿ ಬಿಟ್ಟು, ಮತ್ತೆ ಒಳಗೆ ಬಂದ.