ಹಿಂಬದಿಗೆ ಹಾಕಿದ ಸಹಿ

ಬುಧವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಅವಸರ ಜಾಸ್ತಿ. ಮಗಳಿಗೆ ಅರ್ಧ ದಿನದ ಶಾಲೆ, ಆದರೂ ಹಣ್ಣಿನ ಡಬ್ಬಿ ತುಂಬಬೇಕು, ಜಿಮ್ ಶೂ ಹುಡುಕಬೇಕು, ಇವರ ಊಟಕ್ಕೆ ಚಪಾತಿ ಸುತ್ತಬೇಕು. ಪುರಸಭೆ ಚುನಾವಣೆಯ ದಿನವೂ ಹಾಗೆಯೇ. ಒಲೆಯ ಮೇಲೆ ಅವಲಕ್ಕಿಯ ಒಗ್ಗರಣೆ ಸಿಡಿಯುತ್ತಿತ್ತು. ಫ್ರಿಜ್ಜಿನ ಬಾಗಿಲಿಗೆ ಎರಡು ವಾರದಿಂದ ಸಿಕ್ಕಿಸಿಟ್ಟಿದ್ದ ನನ್ನ ಸ್ಟೆಂಪಾಸನ್ನು, ಅಂದರೆ ಮತ ಹಾಕಲು ಪುರಸಭೆ ಕಳಿಸುವ ಚೀಟಿಯನ್ನು, ನನ್ನ ಗಂಡ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸ್ಟೇಷನ್ನಿನಲ್ಲೇ ಮತಗಟ್ಟೆ ಇದೆ, ಟ್ರೈನ್ ಹಿಡಿಯುವ ಮೊದಲು ನಿನ್ನದನ್ನೂ ಹಾಕಿಬಿಡುತ್ತೇನೆ, ಈ ಗಾಳಿಯಲ್ಲಿ ನೀನ್ಯಾಕೆ ಹೊರಗೆ ಬರುತ್ತೀಯ ಎಂದರು.

ನಾವಿರುವ ಈ ಡಚ್ಚರ ದೇಶದಲ್ಲಿ ಅದಕ್ಕೆ ಅವಕಾಶವಿದೆ. ಚೀಟಿಯ ಹಿಂಬದಿಗೆ ಸಹಿ ಮಾಡಿ, ನಮ್ಮ ಗುರುತಿನ ಕಾರ್ಡಿನ ಫೋಟೊ ಕೊಟ್ಟರೆ ಇನ್ನೊಬ್ಬರು ನಮ್ಮ ಮತ ಹಾಕಬಹುದು. ನಾನು ಸೌಟನ್ನು ಎಡಗೈಗೆ ಬದಲಿಸಿ ಸಹಿ ಹಾಕಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ತಿದ್ದಿಸಿದ ದುಂಡು ಅಕ್ಷರ. ಪಕ್ಕದಲ್ಲೇ ಒಂದು ಹನಿ ಎಣ್ಣೆ ಬಿತ್ತು, ಅದನ್ನು ಸೆರಗಿನಂತೆ ಕಟ್ಟಿಕೊಂಡಿದ್ದ ಟವಲ್ಲಿನಿಂದ ಒರೆಸಿದೆ. ಎಣ್ಣೆ ಒರೆಸಲು ನನಗೆ ಪುರುಸೊತ್ತಿತ್ತು, ಪೂರ್ತಿ ಮಾತು ಹೇಳಲು ಇರಲಿಲ್ಲ.

"ರೀ, ಪಕ್ಕದ ಮನೆ ಮೇಡಂಗೆ ಹಾಕ್ರಿ. ಮರೀಬೇಡಿ."

"ಗೊತ್ತು ಕಣೇ. ಅವರ ಪಾರ್ಟಿ ಪೋಸ್ಟರ್ ದಿನಾ ನೋಡ್ತಾ ಇಲ್ವಾ ನಾನು?"

ನನಗಾಗ ನಲವತ್ತೊಂದು ವರ್ಷ. ಅದು ನನ್ನ ಮೊದಲನೆಯ ಓಟು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮತಪಟ್ಟಿಗೆ ಹೆಸರು ಕೊಟ್ಟ ವರ್ಷವೇ ನಮ್ಮೂರಿನ ಹೆಸರಿನ ವಿಧಾನಸಭಾ ಕ್ಷೇತ್ರವನ್ನು ಅಳಿಸಿ ಹಾಕಿದ್ದರು. ಊರಿನ ಕೆರೆಯಿಂದ ಆಚೆಯ ಭಾಗ ಒಂದು ಕ್ಷೇತ್ರಕ್ಕೆ, ಈಚೆಯದು ಇನ್ನೊಂದಕ್ಕೆ. ಅಪ್ಪನ ಹೆಸರು ಒಂದು ಪಟ್ಟಿಯಲ್ಲಿ ಸಿಕ್ಕಿತು, ನನ್ನದು ಯಾವುದರಲ್ಲೂ ಇರಲಿಲ್ಲ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಬಾಡಿಗೆ ಮನೆ ಬದಲಿಸುವುದರಲ್ಲೇ ವರ್ಷಗಳು ಕಳೆದವು, ಪಟ್ಟಿಗೆ ಹೆಸರು ಸೇರಿಸಲು ಯಾರೂ ಹೋಗಲಿಲ್ಲ. ಇಲ್ಲಿ ಐದು ವರ್ಷ ಬಿಡದೆ ಇದ್ದವರಿಗೆ, ಪಾಸ್‌ಪೋರ್ಟ್ ಯಾವುದೇ ಇರಲಿ, ಪುರಸಭೆಯ ಚುನಾವಣೆಯಲ್ಲಿ ಮತವಿದೆ. ಚೀಟಿ ಬಂದ ದಿನ ಲಕೋಟೆಯನ್ನು ಹರಿಯದೆ ಚಾಕುವಿನಿಂದ ಬಿಡಿಸಿದ್ದೆ.

ಪಕ್ಕದ ಮನೆಯವರು ನಿವೃತ್ತ ಡ್ರಾಯಿಂಗ್ ಟೀಚರ್. ಒಬ್ಬರೇ ಇರುತ್ತಾರೆ. ಆ ಸಲ ಪುರಸಭೆಗೆ ನಿಂತಿದ್ದರು. ಚುನಾವಣೆಗೆ ಹತ್ತು ದಿನ ಮೊದಲು ಮಾದರಿ ಮತಪತ್ರ ಹಿಡಿದುಕೊಂಡು ಚಹಾಕ್ಕೆ ಬಂದರು. ಬಿಡಿಸಿದರೆ ನಮ್ಮ ಊಟದ ಮೇಜಿನ ಮುಕ್ಕಾಲು ಭಾಗ ಮುಚ್ಚಿತು. ನಮ್ಮ ವಾರ್ಡ್ ಯಾವುದು ಎಂದು ನಾನು ಮೊದಲು ಕೇಳಿದೆ. ವಾರ್ಡ್ ಎಂಬುದೇ ಇಲ್ಲ, ಇಡೀ ಪುರಸಭೆ ಒಂದೇ ಕ್ಷೇತ್ರ ಎಂದರು. ನಾವಿರುವ ವೂರ್‌ಬರ್ಗ್‌ಗೆ ಹಿಂದೆ ತನ್ನದೇ ಪುರಸಭೆ ಇತ್ತಂತೆ, ಆಮೇಲೆ ಪಕ್ಕದ ಊರಿನೊಡನೆ ಸೇರಿಸಿದರಂತೆ. ಈಗ ನಮ್ಮ ಬೀದಿಯ ಲೈಬ್ರರಿಯನ್ನು ಆ ಕಡೆಗೆ ಸಾಗಿಸುವ ಮಾತು ನಡೆದಿತ್ತು, ತಡೆಯಲು ಒಳಗೆ ಈ ಕಡೆಯವರು ಒಬ್ಬರಾದರೂ ಬೇಕಿತ್ತು. ನಾನು ಡಚ್ ಕಲಿತದ್ದು ಆ ಲೈಬ್ರರಿಯಲ್ಲೇ, ಕಿಟಕಿ ಪಕ್ಕದ ಮೇಜಿನಲ್ಲಿ, ಈ ಟೀಚರೇ ಎದುರು ಕೂತು ಕಲಿಸಿದ್ದು. ನಮ್ಮೂರಿನ ಕ್ಷೇತ್ರವೂ ಹೀಗೆಯೇ ಹೋಯಿತು ಎಂದೆ. ಅವರು ಕಪ್ಪು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆ ಕಥೆಯನ್ನು ಅದುವರೆಗೆ ಯಾರೂ ನನ್ನಿಂದ ಕೇಳಿರಲಿಲ್ಲ.

ಆಮೇಲೆ ತಮ್ಮ ಹೆಸರನ್ನು ಬೆರಳಿಟ್ಟು ತೋರಿಸಿದರು. ಪಕ್ಷದ ಪಟ್ಟಿಯಲ್ಲಿ ಬಹಳ ಕೆಳಗೆ. ಎಲ್ಲರೂ ಸುಮ್ಮನೆ ಮೇಲಿನ ಹೆಸರಿನ ಮುಂದಿನ ವೃತ್ತವನ್ನು ತುಂಬಿಬಿಡುತ್ತಾರೆ, ಅದು ನನಗೆ ಬರುವುದಿಲ್ಲ, ನನ್ನ ಹೆಸರಿನ ಮುಂದೆಯೇ ಕೆಂಪು ಪೆನ್ಸಿಲ್ ಆಡಿಸಬೇಕು ಎಂದರು. ಖಂಡಿತ ಎಂದೆ. ಬೆರಳಿಗೆ ಶಾಯಿ ಹಚ್ಚುತ್ತಾರಾ ಎಂದು ಕೇಳಿದ್ದಕ್ಕೆ ಬಹಳ ನಕ್ಕರು.

ಆ ಬುಧವಾರ ಒಂಬತ್ತೂವರೆಗೆ ನನ್ನ ಗಂಡ ಆಫೀಸಿನಿಂದ ಫೋನ್ ಮಾಡಿದರು. ಎರಡೂ ಆಯಿತು, ಐದು ನಿಮಿಷದ ಕೆಲಸ ಎಂದರು. ನಾನು ಕೇಳಿದೆ.

"ಅವರ ಹೆಸರು ಸಿಕ್ತಾ? ಕೆಳಗಡೆ ಇತ್ತು."

"ಹೆಸರು ಯಾಕೆ? ಅವರ ಪಾರ್ಟಿ ನೋಡಿ ಫಸ್ಟ್ ಇದ್ದದ್ದನ್ನ ತುಂಬ್ದೆ. ಪಾರ್ಟಿಗೆ ತಾನೇ ಓಟು?"

ಅವರ ತಪ್ಪೇನು? ನಮ್ಮಲ್ಲಿ ಗುರುತು ನೋಡಿ ಒತ್ತುವುದು ರೂಢಿ. ಅಭ್ಯರ್ಥಿಯ ಹೆಸರನ್ನು ಓದಿ ಬಟನ್ ಒತ್ತಿದವರನ್ನು ನಾನೂ ಕಂಡಿಲ್ಲ. ಹತ್ತು ದಿನ ನನ್ನ ಬಳಿ ಆ ಮಾತಿತ್ತು. ರಾತ್ರಿ ಊಟದ ಹೊತ್ತಿಗೆ ಹೇಳಬಹುದಿತ್ತು, ಹೇಳಿರಲಿಲ್ಲ. ನಾನೇ ಹೋಗುತ್ತೇನಲ್ಲ ಎಂದುಕೊಂಡಿದ್ದೆ. ಸರಿ ಬಿಡಿ ಎಂದು ಫೋನ್ ಇಟ್ಟೆ.

ಮಧ್ಯಾಹ್ನ ಮಗಳು ಬಂದವಳೇ ಚೀಲ ಇಳಿಸುವ ಮೊದಲು, "ಅಮ್ಮಾ, ಕ್ಲಾಸಲ್ಲಿ ವಿ ಆಲ್ ವೋಟೆಡ್. ಡಿಡ್ ಯೂ?" ಎಂದಳು. ಅಪ್ಪ ಹಾಕಿದರು ಎಂದೆ. ಅವಳು ಬಿಡಲಿಲ್ಲ, "ನೋ, ಯೂ" ಎಂದಳು. ಪುಸ್ತಕ ಹಿಂದಿರುಗಿಸುವ ನೆಪ ಮಾಡಿ ಅವಳನ್ನು ಕರೆದುಕೊಂಡು ಲೈಬ್ರರಿಗೆ ಹೊರಟೆ, ಅಲ್ಲೂ ಒಂದು ಮತಗಟ್ಟೆ ಇತ್ತು.

ನಾನು ಡಚ್ ಕಲಿತ ಮೇಜನ್ನು ಗೋಡೆಗೆ ಒತ್ತಿ, ಅಲ್ಲಿ ಮತದಾನದ ಮರೆಗಳನ್ನು ನಿಲ್ಲಿಸಿದ್ದರು. ಕೆಳಗಿನಿಂದ ಜನರ ಶೂಗಳು ಕಾಣುತ್ತಿದ್ದವು. ಒಬ್ಬ ಅಜ್ಜಿ ಆ ದೊಡ್ಡ ಹಾಳೆಯನ್ನು ಬರೀ ಕೈಯಲ್ಲಿ ಮಡಚಲಾಗದೆ, ಬೆಡ್‌ಶೀಟಿನಂತೆ ಎದೆಗೊತ್ತಿ ಮಡಚಿದರು. ಮೇಜಿನ ಹಿಂದಿದ್ದ ಹೆಂಗಸು ನನ್ನನ್ನು ನೋಡಿ ಮುಗುಳ್ನಕ್ಕು ಕೈ ಚಾಚಿದರು, ಚೀಟಿಗಾಗಿ. ನಾನು ಇಲ್ಲವೆಂದು ತಲೆಯಾಡಿಸಿ ಪುಸ್ತಕಗಳನ್ನು ತೋರಿಸಿದೆ.

ಆ ಚುನಾವಣೆಯಲ್ಲಿ ಪಕ್ಕದ ಮನೆಯವರು ಆಯ್ಕೆಯಾಗಲಿಲ್ಲ ಎಂದು ಕೆಲವು ದಿನಗಳ ಮೇಲೆ ತಿಳಿಯಿತು. ಒಂದು ಓಟಿನಲ್ಲಿ ಸೋತದ್ದೇನಲ್ಲ, ಅಷ್ಟು ಹತ್ತಿರ ಬಂದೇ ಇರಲಿಲ್ಲ. ಆ ವಿಷಯ ನನಗೆ ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ. ಅವರಿಗೆ ಮಾತು ಕೊಟ್ಟವಳು ನಾನು, ಮತ್ತು ನಲವತ್ತೊಂದು ವರ್ಷ ಕಾದು ಸಿಕ್ಕ ಒಂದು ಪೆನ್ಸಿಲನ್ನು ಒಲೆಯ ಮುಂದೆ ನಿಂತು ಇನ್ನೊಬ್ಬರ ಕೈಗೆ ಕೊಟ್ಟವಳೂ ನಾನೇ.

ಮತದಾನದ ದಿನ ಸಂಜೆ ಪಕ್ಕದ ಮನೆಯವರು ಬೆಲ್ ಮಾಡಿದಾಗ ನಾನು ಬೇಳೆ ತೊಳೆಯುತ್ತಿದ್ದೆ. ಇಡೀ ದಿನ ಗಾಳಿಯಲ್ಲಿ ಕರಪತ್ರ ಹಂಚಿ ಮೂಗು ಕೆಂಪಾಗಿತ್ತು. ಬೇಕರಿಯಿಂದ ತಂದ ಎರಡು ಬನ್ನುಗಳನ್ನು ಮಗಳಿಗೆಂದು ಕೊಟ್ಟರು. ಹೇಳಿಬಿಡೋಣವೆಂದು ಕೈ ಒರೆಸಿಕೊಂಡೆ, ಒಳಗೆ ಬನ್ನಿ ಎಂದೆ. ಬೇಡವೆಂದರು. ಹೇಗಾಯಿತು ಎಂದು ಕೇಳಿದೆ. ಅವರು ಆಗಲೇ ಅರ್ಧ ತಿರುಗಿ, ಜೇಬಿನಲ್ಲಿ ತಮ್ಮ ಬೀಗದ ಕೈ ತಡಕಾಡುತ್ತಿದ್ದರು.

"ಯಾರು ಬಲ್ಲರು? ನಿನ್ನದೊಂದು ಇದೆಯಲ್ಲ, ಅದನ್ನ ಮಾತ್ರ ನಾನು ಲೆಕ್ಕಕ್ಕೆ ಹಿಡಿದಿದ್ದೇನೆ. ಬರ್ತೀನಿ, ಬೆಕ್ಕಿಗೆ ಬೆಳಿಗ್ಗೆಯಿಂದ ಏನೂ ಹಾಕಿಲ್ಲ."