ಚಾಪೆಯ ಮೇಲೆ ನೇಯ್ದ ಸೀರೆ

“ಒತ್ತರಿ ಆಯಿ, ಭಾಳ ಬ್ಯಾಡ, ಒಂಚೂರು,” ಎಂದು ಫಿಸಿಯೋಥೆರಪಿಯ ಹುಡುಗಿ ಬೇಡಿಕೊಳ್ಳುತ್ತಿದ್ದಳು. ನನ್ನ ಪಕ್ಕದ ಚಾಪೆಯಲ್ಲಿ ಮಲಗಿದ್ದ ಬೆಳಗಾವಿ ಶಹಾಪುರದ ನೇಕಾರ ಅಜ್ಜಿ, ಬೆನ್ನಿನ ಆಪರೇಷನ್ ಆದಾಗಿನಿಂದ ಹೆದರಿ ಬಲಗಾಲನ್ನು ಕದಲಿಸಿಯೇ ಇರಲಿಲ್ಲ. ಅವರ ಅಂಗಾಲಿಗೆ ಸುತ್ತಿದ ರಬ್ಬರ್ ಪಟ್ಟಿಯನ್ನು ಹುಡುಗಿ ಹಿಡಿದುಕೊಂಡೇ ಕೂತಿದ್ದಳು. ಸೊಂಟನೋವಿಗೆಂದು ಪಾರಿಶ್ವಾಡದಿಂದ ಬಂದಿದ್ದ ನಾನು ನನ್ನ ವ್ಯಾಯಾಮ ಬಿಟ್ಟು ಅವರನ್ನೇ ನೋಡುತ್ತಿದ್ದೆ.

ಆಗ ಕಿಟಕಿಯಾಚೆಯ ಓಣಿಯಲ್ಲಿ ಯಾರದೋ ಮಗ್ಗ ಶುರುವಾಯಿತು. ಅಜ್ಜಿ ಕಣ್ಣು ಮುಚ್ಚಿದರು. ಆ ಸದ್ದು ಮಂಪರಿನಂತೆ ಕೋಣೆಯನ್ನು ತುಂಬಿತು. ನೋಡನೋಡುತ್ತಿದ್ದಂತೆ ಅವರ ಬಲಪಾದ ಪಟ್ಟಿಯನ್ನು ಮೆಲ್ಲಗೆ ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು, ಕೈಮಗ್ಗದ ಹಲಗೆ ತುಳಿದ ಹಾಗೆ. ಬಲಗೈ ಗಾಳಿಯಲ್ಲೇ ಲಾಳಿ ಓಡಿಸತೊಡಗಿತು.

“ಆಯಿ, ಕಾಲು ಆಡಾಕತ್ತೈತ್ರಿ!” ಹುಡುಗಿ ಕೂಗಿಯೇಬಿಟ್ಟಳು.

“ಮಾತಾಡಸಬ್ಯಾಡ ಯವ್ವಾ, ಸೆರಗಿಗೆ ಬಂದೀನಿ. ಎಳಿ ಕಡಿತೈತಿ,” ಎಂದರು ಅಜ್ಜಿ, ಕಣ್ಣು ತೆರೆಯದೆ.

ಆ ಸೀರೆ ಯಾವ ಬಣ್ಣದ್ದೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಈಗ ಮನೆಯಲ್ಲಿ ಸೊಂಟ ಎತ್ತುವ ವ್ಯಾಯಾಮಕ್ಕೆ ಮಲಗಿ ಕಣ್ಣು ಮುಚ್ಚಿದರೆ ಅದು ಒಮ್ಮೆ ಹಸಿರಾಗಿ ಕಾಣುತ್ತದೆ, ಒಮ್ಮೆ ಕುಂಕುಮಗೆಂಪಾಗಿ. ಯಾವುದೆಂದು ಗೊತ್ತಾಗುವ ತನಕ ನಾನು ಏಳುವುದಿಲ್ಲ.